ನಡೆಯಲು ಬಿಡದ ದಾರಿ

ಬೆಳಗಾವಿಯಲ್ಲಿ ಅಪ್ಪನ ಹಾರ್ಟ್ ಆಪರೇಷನ್ ಮಾಡಿದ ಡಾಕ್ಟರು, ಮನೆಗೆ ಕಳಿಸುವಾಗ ಒತ್ತಿ ಹೇಳಿದ್ದು ಒಂದೇ ಮಾತು: ಗುಳಿಗೆ ತಪ್ಪಿಸಬೇಡಿ, ದಿನಾ ನಡೆಯುವುದನ್ನೂ ತಪ್ಪಿಸಬೇಡಿ. ಗಾಯ ಮಾಯುತ್ತಲೇ ಅಪ್ಪ ದೊಡವಾಡದ ನಮ್ಮ ಮನೆಯಿಂದ ಹೊಲದ ದಾರಿ ಹಿಡಿದ.

ಆದರೆ ಕೆಲಸವಿಲ್ಲದೆ ಸುಮ್ಮನೆ ನಡೆಯುವವರನ್ನು ನಮ್ಮೂರು ಕಂಡಿರಲಿಲ್ಲ. ಅದರಲ್ಲೂ ಎದೆ ಕೊಯ್ಸಿಕೊಂಡು ಬಂದ ಮನುಷ್ಯನನ್ನು ದಾಟಿ ಹೋಗಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಚಕ್ಕಡಿ ನಿಲ್ಲುತ್ತಿತ್ತು, ಟ್ರ್ಯಾಕ್ಟರ್ ನಿಲ್ಲುತ್ತಿತ್ತು, ಬೈಕು ನಿಲ್ಲುತ್ತಿತ್ತು.

"ಇಂಥಾ ಮೈಯಾಗ ನಡಕೋಂತ ಹೊಂಟೀರಲ್ರಿ ಕಾಕಾ, ಹತ್ರಿ."

ಕರೆದವರ ಗಾಡಿ ಹತ್ತದಿದ್ದರೆ ಅವರ ಮನೆಯ ನೀರು ಒಲ್ಲೆ ಎಂದಷ್ಟೇ ಅವಮಾನ. ಅಪ್ಪ ಹತ್ತುತ್ತಿದ್ದ. ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು.

ಅವ್ವ ಬಾಗಿಲಲ್ಲೇ ನಿಂತು ಗಾಡಿಯವರಿಗೆ ಬೈಯುತ್ತಿದ್ದಳು. "ಅವರನ್ನ ಹತ್ತಿಸ್ಕೋಬ್ಯಾಡ್ರೋ, ಡಾಕ್ಟರು ನಡೀರಿ ಅಂದಾರ!"

"ನಾವಿರೂತನಾ ಕಾಕಾ ಯಾಕ ನಡೀಬೇಕ್ರಿ, ಚಿಗವ್ವಾ?" ಎಂದು ಅವರು ನಗುತ್ತಿದ್ದರು.

"ಪ್ರೀತೀಲೆ ಕರದವ್ರಿಗೆ ಒಲ್ಲೆ ಅಂತ ಹ್ಯಾಂಗ ಅನ್ಲಿ?" ಎನ್ನುತ್ತಿದ್ದ ಅಪ್ಪ. ಆ ಪ್ರೀತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮುಂದಿನ ಬೇಸಗೆಗೆ ಅಪ್ಪನ ಎದೆ ಮತ್ತೆ ಕೈಕೊಟ್ಟಿತು. ಈ ಸಲ ಬೆಳಗಾವಿ ಮುಟ್ಟಲಿಲ್ಲ. ಹೊಲದಲ್ಲಿ ಮಣ್ಣು ಮಾಡುವುದೆಂದಾಯಿತು. ನಮ್ಮ ಪದ್ಧತಿಯಂತೆ ಹೂವಿನ ವಿಮಾನದಲ್ಲಿ ಕೂರಿಸಿದ ಅಪ್ಪನನ್ನು ಅದೇ ಮಂದಿ, ಹೆಗಲು ಬದಲಿಸುತ್ತ, ಅದೇ ದಾರಿಯಲ್ಲಿ ಹೊತ್ತರು. ಗಾಡಿಗಳನ್ನೆಲ್ಲ ಮನೆಯಲ್ಲಿ ಬಿಟ್ಟು ಊರಿಗೆ ಊರೇ ನಡೆಯುತ್ತಿತ್ತು. ಅಪ್ಪನೊಬ್ಬನೇ ಕುಳಿತಿದ್ದ.