ಉಳಿದ ಬಣ್ಣದ ಮನೆ

ಮಗಳ ಚಿತ್ರಕಲೆಯ ಪುಸ್ತಕದಲ್ಲಿ ಕೆಂಪು ಮರವೊಂದಿತ್ತು. ಪಕ್ಕದ ಪುಟದಲ್ಲಿ ಮುಖವೆಲ್ಲ ಹಸಿರಾದ ಹೆಂಗಸು. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಕೆಲವು ಕಲಾವಿದರು ಕಣ್ಣಿಗೆ ಕಂಡ ಬಣ್ಣ ಬಿಟ್ಟು ಮನಸ್ಸಿಗೆ ತೋಚಿದ್ದನ್ನು ಬಳಿದರಂತೆ. ನೋಡಿದವರು ‘ಫೋವ್’, ಅಂದರೆ ಕಾಡುಮೃಗಗಳೆಂದು ಹಂಗಿಸಿದರಂತೆ. ಆ ಬೈಗುಳವೇ ‘ಫೋವಿಸಂ’ ಎಂಬ ಹೆಸರಾಗಿ ನಿಂತಿತು.

ನಾನು ಕುವೈತಿನ ಮೀನಾ ಅಲ್ ಅಹ್ಮದಿ ಎಂಬಲ್ಲಿನ ತೈಲ ರಿಫೈನರಿಯಲ್ಲಿ ಇಂಜಿನಿಯರ್. ಅಲ್ಲಿ ಪೈಪಿನ ಬಣ್ಣ ನೋಡಿಯೇ ಒಳಗೆ ಏನು ಹರಿಯುತ್ತದೆಂದು ತಿಳಿಯಬೇಕು.

“ಕೆಂಪಂದ್ರೆ ಬೆಂಕಿ ಆರಿಸೋ ನೀರಿನ ಲೈನು. ಮರಕ್ಕೆ ಯಾಕೆ ಬಳಿದ್ರು?” ಎಂದೆ.

“ಅಮ್ಮಾ, ಪ್ಲೀಸ್! ಇದು ನಿನ್ನ ಪ್ಲಾಂಟ್ ಅಲ್ಲ,” ಎಂದು ಮಗಳು ಹಣೆ ಚಚ್ಚಿಕೊಂಡಳು.

ಅದೇ ಶೈಲಿಯಲ್ಲಿ ತನ್ನ ಕುಟುಂಬದ ಮನೆಯೊಂದರ ಚಿತ್ರ ಬರೆದು ಮರುದಿನ ಶಾಲೆಗೆ ಒಪ್ಪಿಸಬೇಕಿತ್ತು ಅವಳು. ಫರ್ವಾನಿಯಾದ ನಮ್ಮ ಬಾಡಿಗೆ ಫ್ಲಾಟ್ ಅವಳಿಗೆ ಬೇಡ.

“ತಾತನ ಮನೆ ಬರೀತೀನಿ. ನೀನು ಚಿಕ್ಕವಳಿದ್ದಾಗ ಯಾವ ಕಲರ್ ಇತ್ತು?”

“ಬಿಳಿ,” ಎಂದೆ. ಸುಳ್ಳು.

ಅಪ್ಪ ಮಂಡ್ಯದಲ್ಲಿ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೆಲಸ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಉಳಿದದ್ದನ್ನು ಕೇಳಿ ತಂದು ನಮ್ಮ ಗೋಡೆಗೆ ಬಳಿಯುತ್ತಿದ್ದರು. ಅರ್ಧ ಗೋಡೆ ನೇರಳೆ. ಅಷ್ಟರಲ್ಲಿ ಡಬ್ಬಿ ಖಾಲಿಯಾದರೆ ಮಿಕ್ಕರ್ಧ ಗಿಣಿಹಸಿರು. ಬಾಗಿಲು ಕಿತ್ತಳೆ. “ನಿಮ್ಮನೇಲಿ ದಿನಾ ಓಕುಳೀನೇನೇ?” ಎಂದು ತರಗತಿಯ ಹುಡುಗಿಯರು ನಗುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಕುವೈತಿನ ಕೆಲಸ ಸಿಕ್ಕಿದೊಡನೆ ನಾನು ಅಪ್ಪನಿಗೆ ಹೇಳಿದ್ದು, ಮನೆಗೆಲ್ಲ ಬಿಳಿ ಹೊಡೆಯಿರಿ ಎಂದು. ಅವರು ಏಕೆಂದು ಕೇಳಲಿಲ್ಲ. ಹೊಡೆದರು.

ಮಗಳು ಖಾಲಿ ಹಾಳೆಯ ಮುಂದೆ ಒಂದು ಗಂಟೆ ಕೂತಳು. ಕೊನೆಗೆ ನನ್ನನ್ನು ಕೇಳದೆ ತಾತನಿಗೇ ವೀಡಿಯೊ ಕರೆ ಮಾಡಿದಳು. ಅವರ ಮನೆಯ ಬಗ್ಗೆ ನಾಚಿಕೊಂಡಿದ್ದೆನೆಂದು ಅಪ್ಪನಿಗೆ ಈಗ ತಿಳಿದುಹೋಗುತ್ತದೆ.

“ತಾತಾ, ನಿಮ್ಮನೆ ಯಾವಾಗ್ಲೂ ಬಿಳೀನೇ ಅಂತೆ, ಅಮ್ಮ ಹೇಳಿದ್ಳು. ಸೋ ಬೋರಿಂಗ್!”

ಅಪ್ಪ ಫೋನು ಹಿಡಿದು ಜಗಲಿಯಿಂದ ಒಳಕ್ಕೆ ನಡೆದು, ಗೋಡೆಯ ಗೂಡಿನ ಪರದೆ ಸರಿಸಿದರು. ಒಳಗೆ ನೇರಳೆ, ಗಿಣಿಹಸಿರು.

“ನಿಮ್ಮಮ್ಮ ಪುಸ್ತಕ ಮಡಗ್ತಿದ್ದ ಗೂಡು ಕಣವ್ವ. ಇದಕ್ಕೆ ಮಾತ್ರ ಬಿಳಿ ಹೊಡಿಯಾಕೆ ಮನ್ಸು ಬರ್ಲಿಲ್ಲ.”

ರಜೆಗೆ ಹೋದಾಗ ಒಮ್ಮೆಯೂ ನಾನು ಆ ಪರದೆ ಸರಿಸಿರಲಿಲ್ಲ. ಒಂದೇ ಕೋಣೆಯ ಮನೆ ಅದು. ಅಲ್ಲಿದ್ದ ಒಂದೇ ಗೂಡಿನಲ್ಲಿ ನನ್ನ ಪುಸ್ತಕ ಬಿಟ್ಟು ಉಪ್ಪಿನ ಡಬ್ಬಿಯನ್ನೂ ಇಡಲು ಅಪ್ಪ ಬಿಡುತ್ತಿರಲಿಲ್ಲ. ಡಿಗ್ರಿ ನಾನೊಬ್ಬಳೇ ಗಳಿಸಿದ್ದೆಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ.

“ಅಪ್ಪಾ, ನಾನೇ ಸುಳ್ಳು ಹೇಳ್ದೆ. ಹುಡುಗೀರು ಆಡ್ಕೊಳೋರು, ನಂಗೆ ನಾಚಿಕೆ ಆಗೋದು.”

“ಗೊತ್ತು ಬುಡವ್ವ. ಆಡ್ಕೊಂಡ್ರೂ ನೀನು ಇಸ್ಕೂಲ್ ಬುಡ್ಲಿಲ್ವಲ್ಲ.”

ಮಗಳು ಆಗಲೇ ಕುಂಚ ಅದ್ದಿದ್ದಳು.

“ತಾತಾ, ಯು ಆರ್ ಎ ಫೋವ್! ಅಂದ್ರೆ ಕಾಡುಮೃಗ!”

“ನಿಮ್ಮಜ್ಜೀನೂ ಅದನ್ನೇ ಅಂತಾಳೆ,” ಎಂದು ಅಪ್ಪ ನಕ್ಕರು.

“ಅಪ್ಪಾ, ಮನೆಗೆ ಮೊದಲಿದ್ದ ಬಣ್ಣಾನೇ ಹೊಡೀರಿ,” ಎಂದೆ.

“ಹೊಡಿಯವ. ಯಾರ ಮನೇಲಿ ಏನು ಉಳ್ದದೆ, ಇಚಾರಿಸ್ತೀನಿ ತಡಿ.”