ಸುಶೀಲಾ ಓದಿ ಹೇಳಿದ ಒಪ್ಪಿಗೆ ಪತ್ರ

ಹಾಸನದ ಸುಶೀಲಾ ಗುರುಗ್ರಾಮದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ನರ್ಸ್. ಸರ್ಜನ್ ಕೈ ಚಾಚುವ ಮೊದಲೇ ಹೊಲಿಗೆಯ ಸೂಜಿ ಎತ್ತಿಕೊಡುವಷ್ಟು ಚುರುಕು. ಕಳೆದ ಚಳಿಗಾಲದಲ್ಲಿ ಅಲ್ಲಿ ಸೂಜಿಯೇ ಬೇಡದ ಪ್ರಯೋಗವೊಂದು ಶುರುವಾಯಿತು. ಗಾಯದ ಅಂಚುಗಳನ್ನು ಕೂಡಿಸಿ, ಪ್ರೋಟೀನಿನ ಅಂಟು ಹಚ್ಚಿ, ಲೇಸರ್ ಕಿರಣದಿಂದ ಬಿಸಿ ಮಾಡಿ ಬೆಸೆಯುವುದು. ಬಿಸಿ ಕಡಿಮೆಯಾದರೆ ಅಂಟುವುದಿಲ್ಲ. ಹೆಚ್ಚಾದರೆ ಚರ್ಮ ಬೆಂದು ಬಿಳಿಚುತ್ತದೆ.

ದಿಲ್ಲಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಕುಂದಾಪುರದ ಸಂಕಪ್ಪ ಬಲಭುಜದ ಮೇಲಿನ ಕೊಬ್ಬಿನ ಗಡ್ಡೆ ತೆಗೆಸಲು ಬಂದ. ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದವರು ಸುಶೀಲಾ.

"ಬೇಗ ಕೆಲಸಕ್ಕೆ ಹೋಗ್ಲಿಕ್ಕೆ ಆಗ್ತದಾ ಅಕ್ಕ?"

"ಬೇಗ ಮಾಯುತ್ತೆ ಅಂತಾರೆ. ಆದ್ರೆ ಇದು ಇನ್ನೂ ಪ್ರಯೋಗ. ಬೇಡ ಅಂದ್ರೆ ಹೊಲಿಗೇನೇ ಹಾಕ್ತಾರೆ."

"ನೀವು ಇರ್ತೀರಲ್ಲ, ಮತ್ತೆಂತ ಹೆದರಿಕೆ?" ಎಂದು ಸಹಿ ಹಾಕಿದ.

ಅರಿವಳಿಕೆಯಲ್ಲಿ ಮಲಗಿದ್ದ ಅವನ ಗಾಯದ ಕೆಳತುದಿ ಕಿರಣ ಬಿದ್ದಂತೆ ಬಿಳಿಚಿಕೊಂಡಿತು. ಪರದೆಯ ಮೇಲಿನ ಉಷ್ಣತೆ ಮಾತ್ರ ಸರಿಯಾಗಿಯೇ ಇತ್ತು.

"ಸರ್, ಬಣ್ಣ ಯಾಕೋ..." ಎಂದು ಸುಶೀಲಾ ಹಿಂದಿಯಲ್ಲಿ ಮೆಲ್ಲಗೆ ಹೇಳಿದರು.

"ರೀಡಿಂಗ್ ಠೀಕ್ ಹೈ, ಸಿಸ್ಟರ್. ಚಲೋ," ಎಂದು ಮುಂದುವರಿಸಿದರು ಲೇಸರ್ ಹಿಡಿದಿದ್ದ ಸರ್ಜನ್ ಡಾಕ್ಟರ್ ಸುಮಿತ್.

ಸುಶೀಲಾ ಮುಂದಿನ ಸಲಕರಣೆ ಎತ್ತಿ ಅವರ ಕೈಗಿಟ್ಟರು.

ಐದನೆಯ ದಿನ ಗಾಯ ಬಿರಿದು, ಒದ್ದೆಯಾದ ಅಂಗಿಯಲ್ಲಿ ಸಂಕಪ್ಪ ವಾಪಸು ಬಂದ. ಸತ್ತ ಚರ್ಮವನ್ನು ಕತ್ತರಿಸಿ ತೆಗೆದು ಹೊಲಿಗೆ ಹಾಕಿದರು. ಭುಜ ಆಡಿಸಿದ್ದೇ ಕಾರಣವೆಂದು ಫೈಲಿನಲ್ಲಿ ಬರೆದಾಗಿತ್ತು.

"ನಾನು ಕೈ ಎತ್ತಿದ್ದು ತಪ್ಪಾಯ್ತಾ ಅಕ್ಕ?"

ಸುಶೀಲಾ ಮಂಚದ ಪಕ್ಕ ಕೂತರು. "ನಿಮ್ಮ ತಪ್ಪಲ್ಲ. ಚರ್ಮ ಬಿಳಿಚಿದ್ದನ್ನ ನಾನು ನೋಡಿದ್ದೆ. ನಿಲ್ಲಿಸಿ ಅಂತ ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ."

ಸಂಕಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಅಂದು ಸಂಜೆಯೇ ಸುಶೀಲಾ ತಾವು ಕಂಡದ್ದನ್ನೆಲ್ಲ ಬರೆದು ಆಸ್ಪತ್ರೆಯ ಸಮಿತಿಗೆ ಕೊಟ್ಟರು. ಪ್ರಯೋಗ ನಿಂತಿತು. ಉಷ್ಣತೆ ಅಳೆಯುವ ಸಾಧನ ಎಂಟು ಡಿಗ್ರಿ ಕಡಿಮೆ ತೋರಿಸುತ್ತಿದ್ದದ್ದು ಪತ್ತೆಯಾಯಿತು, ಫೈಲು ತಿದ್ದಿದರು. ಡಾಕ್ಟರ್ ಸುಮಿತ್ ಮಾತ್ರ ಸುಶೀಲಾರನ್ನು ತಮ್ಮ ಥಿಯೇಟರಿಗೆ ಮತ್ತೆ ಕರೆಯಲಿಲ್ಲ. ಈಗ ಸುಶೀಲಾ ಕೆಲಸ ಮಾಡುವುದು ವಾರ್ಡಿನಲ್ಲಿ.

ಎರಡು ತಿಂಗಳ ಮೇಲೆ ಅವರು ಸಂಕಪ್ಪನನ್ನು ನೋಡಲೆಂದು ಅವನ ಹೋಟೆಲಿಗೆ ಹೋಗಿ ಕೂತರು. ಅಡುಗೆಮನೆಯ ಕಿಟಕಿಯಲ್ಲಿ ಸಂಕಪ್ಪ ಎಡಗೈಯಲ್ಲಿ ದೋಸೆ ಮಗುಚುತ್ತಿದ್ದ. ಅವರನ್ನು ಕಂಡು ತಲೆಯಾಡಿಸಿದ; ಹೊರಗೆ ಬರಲಿಲ್ಲ. ಸುಶೀಲಾ ಕೊಂಚ ಹೊತ್ತು ಕಾದು, ಮೆಟ್ರೋ ಹಿಡಿಯಲು ಎದ್ದರು.