ಗೋಡೆ ಬದಲಿಸಿದವರು

2017ರ ಫೆಬ್ರುವರಿಯ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಕೆನಡಾದ ಪಿಕರಿಂಗ್‌ನ ಗೆಳೆಯರೊಬ್ಬರ ಬೇಸ್‌ಮೆಂಟಿನಲ್ಲಿ, ಮನೆ ಬೆಚ್ಚಗಿಡುವ ಫರ್ನೇಸ್ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ನನ್ನ ಎಡಕ್ಕೆ ಪುಸ್ತಕದ ಕಪಾಟಿನ ಗೋಡೆ, ಬಲಕ್ಕೆ ಬಟ್ಟೆ ಒಗೆಯುವ ಯಂತ್ರದ ಗೋಡೆ.

ಗೆಳೆಯರು ಧಾರವಾಡದವರು, ನಿವೃತ್ತ ಪ್ರೊಫೆಸರು. ಮೊಮ್ಮಗಳು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ ಎಂಬುದು ಅವರ ಕಟ್ಟಳೆ. ಇಲ್ಲೇ ಹುಟ್ಟಿದ ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಕ್ರಮೇಣ ಅವಳು ಕೇಳುವುದನ್ನೇ ಬಿಟ್ಟಳು. ಎರಡು ವರ್ಷ ಅವರಿಬ್ಬರ ಮಾತು ಅಜ್ಜಿಯ ಮೂಲಕ ಓಡಾಡಿತು.

ಅವಳು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದಳು. ಹತ್ತೊಂಬತ್ತನೆಯ ಶತಮಾನದ ಕೊನೆಗಾಲದ, ವಿದ್ಯಾರ್ಥಿಗಳ ಚರ್ಚಾಕೂಟವೊಂದರ ನಡಾವಳಿ ಪುಸ್ತಕ ಅವಳಿಗೆ ಸಿಕ್ಕಿತ್ತು. ಪದವಿಗೆ ಗ್ರೀಕ್ ಕಡ್ಡಾಯ ಬೇಕೇ, ಬೇಡವೇ ಎಂದು ಒಂದು ಸಂಜೆ ಅವರು ವಾದಿಸಿದ್ದರು. ಕೂಟದ ನಿಯಮದಂತೆ ಪಕ್ಷವನ್ನು ಚೀಟಿ ಎತ್ತಿ ಹಂಚಬೇಕು. ಎದುರಾಳಿ ಕೇಳಿದ್ದಕ್ಕೆ ಉತ್ತರಿಸಲೇಬೇಕು. ಒಂದು ಗೋಡೆ ‘ಬೇಕು’, ಎದುರಿನದು ‘ಬೇಡ’; ಕೊನೆಗೆ ವಾದಿಸಿದವರೂ ತಮಗೆ ನಿಜವಾಗಿ ಒಪ್ಪಿಗೆಯಾದ ಗೋಡೆಗೆ ನಡೆದು ನಿಲ್ಲಬೇಕು. ಗ್ರೀಕಿನಲ್ಲೇ ಬಹುಮಾನ ಗೆದ್ದವನೊಬ್ಬನಿಗೆ ‘ಬೇಡ’ ಚೀಟಿ ಬಂದಿತ್ತು. ವಾದ ಮುಗಿದ ಮೇಲೂ ಅವನು ‘ಬೇಡ’ದ ಗೋಡೆಗೇ ಹೋಗಿ ನಿಂತ. ಕಾರ್ಯದರ್ಶಿ ಬರೆದದ್ದು ಇಷ್ಟೇ: ಕಾರಣ ಹೇಳಲಿಲ್ಲ.

ಆ ಕಾರಣ ಅವಳಿಗೆ ಬೇಕಾಗಿತ್ತು. ಅದೇ ವಾದವನ್ನು ಮನೆಯಲ್ಲಿ ಆಡಿ ನೋಡಬೇಕೆಂದಳು.

“ಮನ್ಯಾಗ ಒಬ್ರು ಪ್ರೊಫೆಸರ್ ಖಾಲಿ ಕುಂತಾರಲ್ಲ, ಎಬ್ಬಸು” ಎಂದರು ಅಜ್ಜಿ.

ಅಜ್ಜಿ ಸೆರಗಿನಲ್ಲಿ ಹಿಡಿದ ಚೀಟಿಗಳಲ್ಲಿ ಅಜ್ಜನಿಗೆ ‘ಬೇಡ’ ಬಂತು, ಮೊಮ್ಮಗಳಿಗೆ ‘ಬೇಕು’.

“ಏನ್ ಮೋಸಾನೇ ಇದು?” ಎಂದರು ಅಜ್ಜ.

“ನಿಮ್ಮ ಕೈ, ನಿಮ್ಮ ಚೀಟಿ. ನಾ ಏನ್ ಮಾಡ್ಲಿ?”

ಒತ್ತಾಯವಿಲ್ಲದೆ ಗ್ರೀಕ್ ಯಾರು ಕಲಿಯುತ್ತಿದ್ದರು ಎಂದು ಅವಳು ಇಂಗ್ಲಿಷಿನಲ್ಲೇ ಕೇಳಿದಳು. ಅವರು ರೂಢಿಯಂತೆ ಹೆಂಡತಿಯ ಕಡೆ ತಿರುಗಿದರು.

“ನನ್ನೇನ್ ನೋಡ್ತೀರಿ? ರೂಲ್ಸ್ ಅದ. ಉತ್ತರ ಹೇಳ್ರಿ.”

“ಹೆದರಿ ಕಲತವ, ಪರೀಕ್ಷಾ ಮುಗದ ಮ್ಯಾಲೆ ಆ ಭಾಷಾದಾಗ ಯಾರ ಜೋಡಿನೂ ಮಾತಾಡಂಗಿಲ್ಲ” ಎಂದರು. ಎಂದವರು ಈ ಸಲ ಮೊಮ್ಮಗಳ ಕಡೆಗೇ ತಿರುಗಿದರು.

ಒತ್ತಾಯವಿರದಿದ್ದರೆ ಈಗ ನೀವು ಹೇಳಿದ್ದೇ ನನಗೆ ತಿಳಿಯುತ್ತಿರಲಿಲ್ಲ ಎಂದಳು ಅವಳು, ಅದೂ ಇಂಗ್ಲಿಷಿನಲ್ಲಿ.

ನಡೆಯುವ ಹೊತ್ತು ಬಂತು. ಬಲದ್ದು ‘ಬೇಡ’ದ ಗೋಡೆ. ಅಜ್ಜ ಅಲ್ಲಿಗೆ ನಡೆದರು. ಅವಳು ಎಡಕ್ಕೆ, ‘ಬೇಕು’ ಗೋಡೆಗೆ ಹೋದಳು. ಕಟ್ಟಳೆ ಹಾಕಿದವರು ಒತ್ತಾಯ ಬೇಡವೆಂದರು, ಅದಕ್ಕೆ ಸಿಕ್ಕವಳು ಬೇಕೆಂದಳು; ಇಬ್ಬರೂ ಚೀಟಿಗೆ ಮುಂಚಿನ ತಮ್ಮ ಪಕ್ಷ ಬದಲಿಸಿ ಮತ್ತೆ ಎದುರುಬದುರಾಗಿಯೇ ನಿಂತಿದ್ದರು. ನಾನೂ ಮೂವತ್ತು ವರ್ಷ ಪಾಠ ಹೇಳಿದವನು. ಒಬ್ಬ ಪ್ರೊಫೆಸರು ಹೀಗೆ ಗೋಡೆ ಬದಲಿಸಿದ್ದನ್ನು ಅದುವರೆಗೆ ಕಂಡಿರಲಿಲ್ಲ. ಅವರನ್ನು ಒಪ್ಪಿಸಿದ್ದು ಮೊಮ್ಮಗಳ ಮಾತೋ, ತಮ್ಮದೇ ಮಾತೋ, ನನಗೆ ಗೊತ್ತಿಲ್ಲ.

ಅಲ್ಲಿಗೇಕೆ ಹೋದೆ ಎಂದು ಅಜ್ಜ ಅವಳನ್ನು ಕೇಳಿದರು, ನಿಧಾನವಾಗಿ, ಇಂಗ್ಲಿಷಿನಲ್ಲಿ.

“ಕನ್ನಡದಾಗ ಕೇಳು, ಅಜ್ಜಾ” ಎಂದಳು ಮೊಮ್ಮಗಳು, ಹೊರಳದ ನಾಲಿಗೆಯಲ್ಲೇ.

ಅವರು ಕನ್ನಡದಲ್ಲಿ ಕೇಳಿದರು. ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವರು ಇನ್ನೊಂದು ಕೇಳಿದರು.

ಗೆಳೆಯರು ಈಗಿಲ್ಲ. ಆ ಇಬ್ಬರನ್ನು ಬಿಟ್ಟರೆ ಅದನ್ನು ಕಂಡವರು ನಾನು ಮತ್ತು ಅಜ್ಜಿ. ಅಜ್ಜಿ ಅದೇ ಮನೆಯಲ್ಲಿದ್ದಾರೆ. ಎಡಬಲ ನಾನು ತಪ್ಪಿದ್ದರೆ ಅವರು ತಿದ್ದಿಯಾರು.